ಸಂಘದ ತಂತ್ರಾಂಶಕ್ಕೆ ನಮ್ಮ ಕಡೆಯಿಂದ ಕೂರುವವರು ಯಾರು?

ಸಹಕಾರ ಸಂಘಗಳ ಲೆಕ್ಕಪತ್ರಗಳು ಗಣಕಯಂತ್ರಕ್ಕೆ ಬರಬೇಕೆಂಬ ವಿಚಾರದಲ್ಲಿ ಈಗ ಎರಡು ಅಭಿಪ್ರಾಯಗಳಿಲ್ಲ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕಾಗಿ 2,516 ಕೋಟಿ ರೂಪಾಯಿಗಳ ಯೋಜನೆಯನ್ನು ಕೇಂದ್ರ ಸಚಿವ ಸಂಪುಟವು 2022ರ ಜೂನ್ 29ರಂದು ಅಂಗೀಕರಿಸಿತು. ಅದು ಪತ್ತಿನ ಸಂಘಗಳ ಮಾತು. ಅಲ್ಲಿ ಎಲ್ಲರಿಗೂ ಸಮಾನವಾದ ಒಂದು ತಂತ್ರಾಂಶ. ಅಡಿಕೆ, ಕಾಫಿ, ಕಾಳುಮೆಣಸುಗಳನ್ನು ಸದಸ್ಯರಿಂದ ಪಡೆದು, ದರ್ಜೆ ನೋಡಿ, ಮುಂಗಡ ಕೊಟ್ಟು, ಮಾರಿ, ಕಡೆಗೆ ಲೆಕ್ಕ ತೀರಿಸುವ ಮಾರಾಟ ಸಂಘಗಳ ವ್ಯವಹಾರವೇ ಬೇರೆ. ಇವು ತಮಗೆ ಬೇಕಾದುದನ್ನು ತಾವೇ ಹೇಳಿ ಮಾಡಿಸಿಕೊಳ್ಳಬೇಕಾಗುತ್ತದೆ. ಹೇಗೆ ಹೇಳಬೇಕು, ಯಾರು ಹೇಳಬೇಕು ಎಂಬಲ್ಲಿಯೇ ಸದಸ್ಯರ ಹಣ ಉಳಿಯುವುದೂ ಮುಳುಗುವುದೂ ಇದೆ.

ನಾನು ತಂತ್ರಾಂಶ ಬರೆದು ಜೀವಿಸುವವನು. ಊರಿನಲ್ಲಿ ಅಣ್ಣ ನೋಡಿಕೊಳ್ಳುವ ಎರಡೂವರೆ ಎಕರೆ ಅಡಿಕೆ, ಮೂರು ಎಕರೆ ರೊಬಸ್ಟಾ ಉಂಟು. ಕಳೆದ ನಾಲ್ಕು ತಿಂಗಳಿಂದ ಮಲೆನಾಡಿನ ಒಂದು ಮಾರಾಟ ಸಂಘಕ್ಕೆ ಖರೀದಿ ಮತ್ತು ಬಟವಾಡೆಯ ತಂತ್ರಾಂಶವನ್ನು ಮಾಡುತ್ತಿರುವ ನಾಲ್ವರ ತಂಡದಲ್ಲಿದ್ದೇನೆ. ಕೆಲಸ ನಡೆಯುತ್ತಿರುವುದು ‘ಅಜೈಲ್’ ಎಂಬ ಹೆಸರಿನ ಪದ್ಧತಿಯಲ್ಲಿ. ಈ ಪದ್ಧತಿಯನ್ನು ಹೊಗಳುವವರೂ ತೆಗಳುವವರೂ ಬೆಂಗಳೂರಿನ ಕಚೇರಿಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಮ್ಮಂಥ ಸಣ್ಣ ಬೆಳೆಗಾರರ ಸಂಘಕ್ಕೆ ಅದು ಹೊಂದುತ್ತದೆಯೇ ಎಂಬುದನ್ನು ಮಾತ್ರ ನಾನು ಇಲ್ಲಿ ವಿಚಾರಿಸಬಯಸುತ್ತೇನೆ.

ಹಳೆಯ ಪದ್ಧತಿ ಎಲ್ಲರಿಗೂ ಪರಿಚಿತವೇ. ಆಡಳಿತ ಮಂಡಳಿಯು ಏನೇನು ಬೇಕೆಂದು ಒಂದು ದಪ್ಪ ಪಟ್ಟಿ ಮಾಡುತ್ತದೆ, ಟೆಂಡರು ಕರೆಯುತ್ತದೆ, ಕಡಿಮೆ ಬೆಲೆಯವರಿಗೆ ಕೊಡುತ್ತದೆ. ಒಂದು ಒಂದೂವರೆ ವರ್ಷ ಯಾರ ಸುಳಿವೂ ಇರುವುದಿಲ್ಲ. ಆಮೇಲೆ ಒಂದು ದಿನ ಪೆಟ್ಟಿಗೆ ಬರುತ್ತದೆ, ತೆರೆದು ನೋಡಿದರೆ ನಾವು ಕೇಳಿದ್ದು ಅದಲ್ಲ. ಅಥವಾ ಕೇಳಿದ್ದು ಅದೇ, ಬೇಕಾಗಿದ್ದು ಅದಲ್ಲ. ಇದಕ್ಕೆ ‘ಜಲಪಾತ’ ಪದ್ಧತಿ ಎಂದು ಹೆಸರು ಬಿದ್ದಿದೆ, ಏಕೆಂದರೆ ಕೆಳಗೆ ಬಿದ್ದ ನೀರು ಹಿಂದಕ್ಕೆ ಹತ್ತುವುದಿಲ್ಲ. 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಎಂಬ ಅಮೆರಿಕದ ತಜ್ಞರು ಈ ಕ್ರಮವನ್ನು ಮೆಟ್ಟಿಲುಗಳ ಚಿತ್ರವಾಗಿ ಬರೆದು ತೋರಿಸಿದರು. ಹೀಗೆ ಒಂದೇ ಸಲಕ್ಕೆ ಮೇಲಿನಿಂದ ಕೆಳಕ್ಕೆ ಇಳಿಯುವುದು ಅಪಾಯಕರ ಎಂದೂ ಅವರು ಅದೇ ಲೇಖನದಲ್ಲಿ ಬರೆದಿದ್ದರು. ಚಿತ್ರ ಎಲ್ಲರ ನೆನಪಿನಲ್ಲಿ ಉಳಿಯಿತು, ಎಚ್ಚರಿಕೆ ಉಳಿಯಲಿಲ್ಲ.

ಹೀಗೆ ಹಣ ಹೋಗುವುದು ಬಡ ಸಂಘಗಳಲ್ಲಿ ಮಾತ್ರ ಎಂದು ಯಾರೂ ತಿಳಿಯಬೇಕಾಗಿಲ್ಲ. ಅಮೆರಿಕದ ತನಿಖಾ ಸಂಸ್ಥೆಯಾದ ಎಫ್.ಬಿ.ಐ.ಯು ತನ್ನ ಕಡತಗಳಿಗಾಗಿ ಮಾಡಿಸುತ್ತಿದ್ದ ತಂತ್ರಾಂಶವನ್ನು ಸುಮಾರು 17 ಕೋಟಿ ಡಾಲರು ಖರ್ಚಾದ ಮೇಲೆ 2005ರಲ್ಲಿ ಕೈಬಿಟ್ಟಿತು. 2006ರಲ್ಲಿ ‘ಸೆಂಟಿನೆಲ್’ ಎಂಬ ಹೆಸರಿನಲ್ಲಿ ಹೊಸದಾಗಿ ಆರಂಭವಾದ ಕೆಲಸವೂ ಕುಂಟಿತು. 2010ರಲ್ಲಿ ಸಂಸ್ಥೆಯು ಗುತ್ತಿಗೆದಾರರಿಂದ ಕೆಲಸವನ್ನು ತನ್ನ ಕೈಗೆ ತೆಗೆದುಕೊಂಡು, ಸಣ್ಣ ತಂಡ ಇಟ್ಟುಕೊಂಡು, ತುಂಡು ತುಂಡಾಗಿ ಮಾಡಿ ನೋಡುತ್ತಾ ಹೋಯಿತು. 2012ರ ಜುಲೈಯಲ್ಲಿ ಅದು ಬಳಕೆಗೆ ಬಂತು.

ಈ ‘ತುಂಡು ತುಂಡಾಗಿ’ ಎನ್ನುವುದೇ ಅಜೈಲ್ ಪದ್ಧತಿಯ ಜೀವ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಗಿರಿಧಾಮದಲ್ಲಿ 17 ಮಂದಿ ತಂತ್ರಾಂಶಗಾರರು ಸೇರಿ ಒಂದು ಪುಟ್ಟ ಘೋಷಣೆ ಮಾಡಿದರು. ದಪ್ಪ ದಸ್ತಾವೇಜಿಗಿಂತ ನಡೆಯುವ ತಂತ್ರಾಂಶ ಮೇಲು, ಕರಾರಿನ ಚೌಕಾಸಿಗಿಂತ ಬಳಸುವವರ ಸಹಕಾರ ಮೇಲು, ಮೊದಲೇ ಹಾಕಿದ ಯೋಜನೆಗೆ ಕಟ್ಟುಬೀಳುವುದಕ್ಕಿಂತ ಬದಲಾವಣೆಗೆ ಹೊಂದಿಕೊಳ್ಳುವುದು ಮೇಲು ಎಂಬುದು ಅದರ ಸಾರ. ದಸ್ತಾವೇಜು, ಕರಾರು, ಯೋಜನೆ ಇವು ಬೇಡವೇ ಬೇಡ ಎಂದು ಅವರು ಹೇಳಲಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ: ಕರಾರು ಬರೆಯಲು ಸೋಮಾರಿಗಳಾದ ಕೆಲವರು ‘ನಮ್ಮದು ಅಜೈಲ್’ ಎಂದು ಹೇಳಿಕೊಂಡು ತಿರುಗುತ್ತಾರೆ.

ಕೆಲಸವನ್ನು ಸಾಮಾನ್ಯವಾಗಿ ಎರಡು ವಾರದ ಅವಧಿಗಳಾಗಿ ಹಂಚಿಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಸ್ಪ್ರಿಂಟ್’, ಅಂದರೆ ಓಟ, ಎಂಬ ಹೆಸರು. ಎಡೆಬಿಡದೆ ಓಡುವವರು ಯಾರೂ ಹೆಚ್ಚು ದೂರ ಹೋಗಲಾರರಾದುದರಿಂದ ನನಗೆ ಆ ಹೆಸರು ಹಿಡಿಸುವುದಿಲ್ಲ. ನಮ್ಮ ಪಂಚಾಂಗದ ‘ಪಕ್ಷ’ ಎಂಬ ಮಾತೇ ಸಾಕು. ಚುನಾವಣೆಯ ಪಕ್ಷ ಎಂದು ಯಾರೂ ಅಪಾರ್ಥ ಮಾಡಿಕೊಳ್ಳದಿದ್ದರೆ ಸರಿ. ಪಕ್ಷದ ಆರಂಭದಲ್ಲಿ ಈ ಸಲ ಇಷ್ಟು ಮಾಡುತ್ತೇವೆ ಎಂದು ಗೊತ್ತುಮಾಡಿಕೊಳ್ಳುವುದು, ಕೊನೆಯ ದಿನ ಮಾಡಿದ್ದನ್ನು ಬಳಸುವವರ ಮುಂದೆ ನಡೆಸಿ ತೋರಿಸುವುದು. ದಿನವೂ ಬೆಳಿಗ್ಗೆ ಹದಿನೈದು ನಿಮಿಷ ನಿಂತುಕೊಂಡೇ ಒಂದು ಮಾತುಕತೆ: ನಿನ್ನೆ ಏನಾಯಿತು, ಇಂದು ಏನು, ಅಡ್ಡಿ ಏನು. ಎಸ್ಟೇಟಿನಲ್ಲಿ ರೈಟರು ಬೆಳಿಗ್ಗೆ ಮಸ್ಟರು ಕರೆದು ಆಳುಗಳನ್ನು ಕೆಲಸಕ್ಕೆ ಹಚ್ಚುವುದನ್ನು ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣದು. ಆದರೆ ಇಲ್ಲಿ ರೈಟರಿಲ್ಲ, ಕೆಲಸವನ್ನು ತಂಡದವರೇ ಹಂಚಿಕೊಳ್ಳಬೇಕು.

ನಮ್ಮ ಕೆಲಸದಲ್ಲಿ ಇದುವರೆಗೆ ಎಂಟು ಪಕ್ಷಗಳು ಕಳೆದಿವೆ. ಮೊದಲ ಪಕ್ಷದಲ್ಲಿ ಮಾಡಿದ್ದು ತೂಕದ ಚೀಟಿ ಒಂದೇ. ಸದಸ್ಯರ ಸಂಖ್ಯೆ, ಮಾಲು, ಚೀಲ, ತೂಕ, ಇಷ್ಟೆ. ಇಷ್ಟಕ್ಕೆ ಎರಡು ವಾರವೇ ಎಂದು ನಿರ್ದೇಶಕರೊಬ್ಬರು ನಕ್ಕರು. ಎರಡನೆಯ ಪಕ್ಷದಲ್ಲಿ ಅದನ್ನು ನಿಜವಾದ ತೂಕದ ಕಟ್ಟೆಯ ಪಕ್ಕದಲ್ಲಿಟ್ಟು, ಹಳೆಯ ಪುಸ್ತಕದ ಜೊತೆಜೊತೆಗೇ ನಡೆಸಿದೆವು. ಆಗ ಹೊರಬಿದ್ದ ಸಂಗತಿ ಇದು. ಗೋಣಿಚೀಲವಾದರೆ ಗುಮಾಸ್ತರು ಚೀಲದ ಬಾಬ್ತು ಪೂರ್ತಿ ತೂಕ ಕಳೆಯುತ್ತಿದ್ದರು, ಪ್ಲಾಸ್ಟಿಕ್ ಚೀಲವಾದರೆ ಅದರ ಅರ್ಧ. ಚೀಲ ಒದ್ದೆಯಾಗಿದ್ದರೆ ಕಣ್ಣಂದಾಜು. ಇದು ಯಾವ ಠರಾವಿನಲ್ಲಿಯೂ ಇಲ್ಲ, ಮಂಡಳಿಯವರು ನಮಗೆ ಕೊಟ್ಟ ಪಟ್ಟಿಯಲ್ಲಿಯೂ ಇರಲಿಲ್ಲ. ‘ಇದನ್ನೆಲ್ಲ ಬರೆದು ಕೊಡಲಿಕ್ಕೆ ಉಂಟಾ ಮಾರಾಯ್ರೆ, ಎಲ್ಲರಿಗೂ ಗೊತ್ತಿರುವುದೇ ಅಲ್ಲವಾ?’ ಎಂದರು ಗುಮಾಸ್ತರು. ಹಳೆಯ ಪದ್ಧತಿಯಲ್ಲಾಗಿದ್ದರೆ ಈ ವಿಷಯ ಒಂದೂವರೆ ವರ್ಷದ ಮೇಲೆ, ಕೊಯ್ಲಿನ ನಡುವೆ, ಸದಸ್ಯರ ಜಗಳವಾಗಿ ಹೊರಬೀಳುತ್ತಿತ್ತು. ಈಗ ಅದು ಮಂಡಳಿಯ ಮುಂದಿನ ಸಭೆಗೆ ಹೋಗಿ, ಪ್ರತಿ ನಮೂನೆಯ ಚೀಲಕ್ಕೂ ಇಂತಿಷ್ಟು ಎಂದು ಠರಾವು ಆಯಿತು. ತಂತ್ರಾಂಶ ಮುಗಿಯುವ ಮೊದಲೇ ಸದಸ್ಯರಿಗೆ ಆದ ಲಾಭ ಇದು.

ನಾಲ್ಕನೆಯ ಪಕ್ಷದಲ್ಲಿ ಇನ್ನೊಂದು. ಪಹಣಿಯೂ ಷೇರೂ ತೀರಿಕೊಂಡ ತಂದೆಯ ಹೆಸರಿನಲ್ಲಿವೆ, ಮಾಲು ತರುವವರು ಮೂವರು ಮಕ್ಕಳು. ಒಂದೇ ಸದಸ್ಯ ಸಂಖ್ಯೆಯಲ್ಲಿ ಹಾಕುತ್ತಾರೆ, ಹಣ ಮೂರು ಬ್ಯಾಂಕು ಖಾತೆಗೆ ಹೋಗಬೇಕು, ಮುಂಗಡ ತೆಗೆದವನು ಒಬ್ಬನೇ. ಆ ಮುಂಗಡದ ಬಡ್ಡಿಯನ್ನು ಮೂವರ ಲೆಕ್ಕದಿಂದಲೂ ಮುರಿಯುವುದೇ? ಹಳೆಯ ಲೆಡ್ಜರಿನಲ್ಲಿ ಇಂಥ ಮನೆಗಳ ಪುಟಕ್ಕೆ ಗುಮಾಸ್ತರು ಪೆನ್ಸಿಲಿನಲ್ಲಿ ಟಿಪ್ಪಣಿ ಬರೆದಿಟ್ಟುಕೊಂಡಿದ್ದರು. ನಮ್ಮ ಕಡೆ ಪೌತಿ ಖಾತೆ ಮಾಡಿಸಿಕೊಳ್ಳದ ಮನೆಗಳು ಎಷ್ಟೆಂಬುದು ಓದುಗರಿಗೆ ನಾನು ಹೇಳಬೇಕಾಗಿಲ್ಲ. ಯಂತ್ರಕ್ಕೆ ಪೆನ್ಸಿಲಿಲ್ಲ. ನಿಯಮ ಬೇಕು. ಆ ನಿಯಮವನ್ನು ಮಾಡುವ ಅಧಿಕಾರ ತಂತ್ರಾಂಶಗಾರನಿಗೆ ಇಲ್ಲ, ಇರಲೂ ಕೂಡದು. ಮನೆಯವರ ಒಪ್ಪಿಗೆ ಪತ್ರ ಪಡೆದು, ಮುಂಗಡ ತೆಗೆದವನ ಪಾಲಿನಿಂದ ಮಾತ್ರ ಮುರಿಯುವುದೆಂದು ಕೊನೆಗೆ ಮಂಡಳಿ ತೀರ್ಮಾನಿಸಿತು.

ಐದು, ಆರನೆಯ ಪಕ್ಷಗಳು ವಿದ್ಯುತ್ತೂ ನೆಟ್‌ವರ್ಕೂ ಇಲ್ಲದಾಗ ಚೀಟಿ ಕೊಡುವ ವ್ಯವಸ್ಥೆಗೇ ಹೋದವು. ಅದರ ಬಗ್ಗೆ ಮಲೆನಾಡಿನವರಿಗೆ ವಿವರಣೆ ಅನಾವಶ್ಯಕ.

ಏಳನೆಯದರಲ್ಲಿ ಹೊರದೇಶದ ನಿಯಮವೊಂದು ಬಂದು ಕುಳಿತಿತು. ಅರಣ್ಯ ಕಡಿದು ಬೆಳೆದ ಮಾಲು ಬರಕೂಡದೆಂದು ಐರೋಪ್ಯ ಒಕ್ಕೂಟವು 2023ರಲ್ಲಿ ಮಾಡಿದ ನಿಯಮದಲ್ಲಿ ಕಾಫಿಯೂ ಸೇರಿದೆ. ಕಾಫಿ ಬೆಳೆದ ಭೂಮಿ ಎಲ್ಲಿದೆಯೆಂಬುದನ್ನು ಅಕ್ಷಾಂಶ, ರೇಖಾಂಶಗಳಲ್ಲಿ ಆರು ದಶಮಾಂಶ ಸ್ಥಾನಗಳವರೆಗೆ ಕೊಡಬೇಕು. 4 ಹೆಕ್ಟೇರಿಗಿಂತ ಹೆಚ್ಚಿನ ಭೂಮಿಗೆ ಸುತ್ತಲ ಗಡಿ, ಅದಕ್ಕಿಂತ ಸಣ್ಣದಕ್ಕೆ ಒಂದು ಬಿಂದು ಸಾಕು. ನಮ್ಮ ಸದಸ್ಯರಲ್ಲಿ ಹೆಚ್ಚಿನವರಿಗೆ ಆ ಒಂದು ಬಿಂದುವೇ ಸಾಕಾಗುತ್ತದೆ ಎಂಬುದು ಸಮಾಧಾನದ ಸಂಗತಿ. 2024ರ ಡಿಸೆಂಬರ್ 30ರಿಂದ ಜಾರಿಯಾಗಬೇಕಿದ್ದ ಈ ನಿಯಮದ ದಿನಾಂಕವನ್ನು ಎರಡು ಸಲ ಮುಂದಕ್ಕೆ ಹಾಕಿದ್ದಾರೆ. ಮೊದಲೇ ಎಲ್ಲವನ್ನೂ ಬರೆದು ಬೀಗ ಹಾಕಿದ ಟೆಂಡರಿನಲ್ಲಿ ಇಂಥದಕ್ಕೆ ಜಾಗ ಎಲ್ಲಿದೆ? ಗುತ್ತಿಗೆದಾರ ‘ಹೆಚ್ಚುವರಿ ಕೆಲಸ’ ಎಂದು ಬಿಲ್ಲು ಕಳಿಸುತ್ತಾನೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದಾಗ ಅನೇಕ ಕಡೆ ಆದದ್ದು ಅದೇ. ನಾವಾದರೋ ಮುಂದಿನ ಪಕ್ಷದ ಪಟ್ಟಿಯಲ್ಲಿ ಒಂದನ್ನು ಕೆಳಗಿಳಿಸಿ ಇದನ್ನು ಮೇಲೇರಿಸಿದೆವು.

ಇಷ್ಟನ್ನು ಓದಿ ಈ ಪದ್ಧತಿ ಎಲ್ಲ ರೋಗಕ್ಕೂ ಮದ್ದು ಎಂದು ಯಾರಾದರೂ ತಿಳಿದರೆ ಅದು ಸರಿಯಲ್ಲ. ಬೋರ್ಡೋ ಹೊಡೆದ ಕೂಡಲೇ ಕೊಳೆರೋಗ ಹೋಗುವುದಿಲ್ಲ. ಹದವಾಗಿ ಕಲಸಿ, ಮಳೆ ಹಿಡಿಯುವ ಮೊದಲು ಹೊಡೆದಿರಬೇಕು. ಅಜೈಲ್ ಪದ್ಧತಿಯ ಹುಟ್ಟಿಗೆ ಕಾರಣವಾದ ಕೆಲಸಗಳಲ್ಲಿ ಹೆಸರಾದದ್ದು ಅಮೆರಿಕದ ಕ್ರೈಸ್ಲರ್ ಮೋಟಾರು ಕಂಪನಿಯ ಸಂಬಳದ ತಂತ್ರಾಂಶ. ಸುಮಾರು 87,000 ನೌಕರರ ಸಂಬಳದ ಲೆಕ್ಕ ಒಂದೇ ಕಡೆಗೆ ಬರಬೇಕೆಂಬುದು ಅದರ ಗುರಿ. ಕೆಲಸ ಕೆಟ್ಟು ನಿಂತಿದ್ದಾಗ, 1996ರಲ್ಲಿ, ಕೆಂಟ್ ಬೆಕ್ ಎಂಬವರನ್ನು ಕರೆಸಿದರು. ಅವರು ಬಂದು ಸಣ್ಣ ಸಣ್ಣ ಭಾಗಗಳಾಗಿ ಮಾಡುವ, ಮೊದಲು ತಾಳೆಯ ಲೆಕ್ಕ ಬರೆದು ಆಮೇಲೆ ತಂತ್ರಾಂಶ ಬರೆಯುವ, ಬಳಸುವವರ ಪ್ರತಿನಿಧಿಯನ್ನು ತಂಡದ ನಡುವೆಯೇ ಕೂರಿಸಿಕೊಳ್ಳುವ ಕ್ರಮಗಳನ್ನು ಅಲ್ಲಿ ರೂಢಿಗೆ ತಂದರು. 1997ರಲ್ಲಿ ಸುಮಾರು 10,000 ಮಂದಿಯ ಸಂಬಳ ಅದರಿಂದಲೇ ಬಟವಾಡೆಯಾಯಿತು. ಈ ಕ್ರಮದ ಬಗ್ಗೆ ಪುಸ್ತಕಗಳು ಬಂದವು, ಜಗತ್ತೆಲ್ಲ ಪ್ರಸಿದ್ಧವಾಯಿತು. ಆದರೆ ಉಳಿದ ನೌಕರರವರೆಗೆ ಅದು ತಲುಪಲೇ ಇಲ್ಲ. ಬಳಸುವವರ ಪರವಾಗಿ ಕುಳಿತಿದ್ದ ವ್ಯಕ್ತಿ ದಣಿದು ಕೆಲಸ ಬಿಟ್ಟರು, ಆ ಸ್ಥಾನವನ್ನು ಸರಿಯಾಗಿ ತುಂಬಲು ಆಗಲಿಲ್ಲ. ಕಂಪನಿ ಬೇರೊಂದರ ಜೊತೆ ವಿಲೀನವಾಗಿತ್ತು. 2000ದ ಫೆಬ್ರವರಿಯಲ್ಲಿ ಕೆಲಸವನ್ನೇ ನಿಲ್ಲಿಸಿಬಿಟ್ಟರು.

ಈ ಪ್ರಸಂಗವನ್ನು ಬೆಂಗಳೂರಿನ ತರಬೇತಿಗಳಲ್ಲಿ ಹೇಳುವುದು ಕಡಿಮೆ. ನಮ್ಮ ಸಂಘಗಳಿಗೆ ಬೇಕಾದ ಭಾಗವಾದರೋ ಇದೇ. ತಂತ್ರಾಂಶಗಾರರು ಬೇಕಾದಷ್ಟು ಸಿಗುತ್ತಾರೆ. ನಮ್ಮ ಕಡೆಯಿಂದ ಅವರ ಪಕ್ಕದಲ್ಲಿ ಕುಳಿತು ‘ಇದು ಹೌದು, ಇದು ಅಲ್ಲ, ಇದು ಈಗ ಬೇಡ’ ಎಂದು ಹೇಳಬಲ್ಲ ಒಬ್ಬರು ಸಿಗುವುದು ಕಷ್ಟ. ಅಧ್ಯಕ್ಷರಿಗೆ ಅಧಿಕಾರವಿದೆ, ಸಮಯವಿಲ್ಲ. ಲೆಕ್ಕಪರಿಶೋಧಕರಿಗೆ ಕಾಯಿದೆ ಗೊತ್ತು, ರಾಶಿಗೂ ಬೆಟ್ಟೆಗೂ ವ್ಯತ್ಯಾಸ ಗೊತ್ತಿಲ್ಲ. ಎಲ್ಲವೂ ಗೊತ್ತಿರುವ ಹಿರಿಯ ಗುಮಾಸ್ತರಿಗೆ ಬೆಳಗಿನಿಂದ ಸಂಜೆಯವರೆಗೆ ಕೌಂಟರಿನ ಕೆಲಸ. ನಾನು ನೋಡಿದ ಮಟ್ಟಿಗೆ ಸಂಘಗಳು ಆ ಗುಮಾಸ್ತರ ತಲೆಯ ಮೇಲೆಯೇ ಇದನ್ನೂ ಹೊರಿಸುತ್ತವೆ. ಕೌಂಟರು ಮುಚ್ಚಿದ ಮೇಲೆ ಸಂಜೆ ಆರರಿಂದ ಎಂಟು ನಮ್ಮ ಜೊತೆ, ಭತ್ಯೆ ಇಲ್ಲ, ಅಧಿಕಾರವೂ ಇಲ್ಲ. ಮೇಲಾಗಿ ಯಂತ್ರ ಬಂದ ಮೇಲೆ ತನ್ನ ಕೆಲಸ ಉಳಿದೀತೇ ಎಂಬ ಭಯ. ಆ ಭಯವನ್ನು ಮಂಡಳಿಯು ಬರವಣಿಗೆಯಲ್ಲಿ ನಿವಾರಿಸದೆ ಅವರಿಂದ ಸಹಕಾರ ಬಯಸುವುದು ನ್ಯಾಯವಲ್ಲ. ನಮ್ಮ ಕೆಲಸದಲ್ಲಿಯೂ ಐದನೆಯ ಪಕ್ಷದಲ್ಲಿ ಗುಮಾಸ್ತರು ಮೂರು ಸಲ ಬಾರದೆ ಹೋದಾಗ ಇಡೀ ತಂಡ ಊಹೆಯ ಮೇಲೆ ನಡೆಯಬೇಕಾಯಿತು. ಕಾರ್ಯದರ್ಶಿಗಳು ಕೌಂಟರಿಗೆ ಬೇರೊಬ್ಬರನ್ನು ಹಾಕಿ, ವಾರದಲ್ಲಿ ಎರಡು ದಿನ ಇವರನ್ನು ಪೂರ್ತಿ ಬಿಡುಗಡೆ ಮಾಡಿದ ಮೇಲೆಯೇ ಕೆಲಸ ದಾರಿಗೆ ಬಂದದ್ದು.

ತಡವಾದರೆ ಇನ್ನೂ ನಾಲ್ಕು ಜನರನ್ನು ಹಾಕಿಸಿ ಎಂದು ಮಂಡಳಿಯವರು ಹೇಳುವುದುಂಟು. ಕಾಫಿ ಹಣ್ಣು ಕೊಯ್ಲಿಗೆ ಹತ್ತು ಆಳು ಹೆಚ್ಚು ಬಂದರೆ ಬೇಗ ಮುಗಿಯುವುದು ನಿಜ. ಆದರೆ ತಂತ್ರಾಂಶದ ಕೆಲಸ ಕೊನೆಗಾರನ ಕೆಲಸದಂಥದು. ಹೊಸಬನನ್ನು ಮರ ಹತ್ತಿಸಬೇಕಾದರೆ ಹಳಬನು ಇಳಿದು ಬಂದು ಕಲಿಸಬೇಕು. ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆಂದು ಫ್ರೆಡ್ ಬ್ರೂಕ್ಸ್ ಅವರು 1975ರಲ್ಲಿಯೇ ಬರೆದಿಟ್ಟಿದ್ದಾರೆ.

ಈ ಪದ್ಧತಿಯ ಇನ್ನೊಂದು ದೋಷವನ್ನೂ ಹೇಳಿಬಿಡುತ್ತೇನೆ. ಯಾವ ಕೆಲಸ ಎಷ್ಟು ದೊಡ್ಡದೆಂದು ಅಂದಾಜು ಮಾಡಲು ತಂಡಗಳು ‘ಪಾಯಿಂಟು’ ಹಾಕಿಕೊಳ್ಳುತ್ತವೆ. ಇದು ತಮ್ಮೊಳಗಿನ ಅಂದಾಜಿಗೆ ಮಾತ್ರ. ಮೇಲಿನವರು ಅದನ್ನೇ ಹಿಡಿದು ಹಿಂದಿನ ಪಕ್ಷ ಇಪ್ಪತ್ತು, ಈ ಸಲ ಇಪ್ಪತ್ತೈದು ಆಗಲಿ ಎಂದು ಕೂತರೆ ಪಾಯಿಂಟು ಏರುತ್ತದೆ, ಕೆಲಸದ ಗುಣ ಇಳಿಯುತ್ತದೆ. ಕೆ.ಜಿ. ಲೆಕ್ಕದಲ್ಲಿ ಕೊಯ್ಯಿಸಿದರೆ ಬುಟ್ಟಿಗೆ ಹಸಿರು ಕಾಯಿಯೂ ಬೀಳುತ್ತದೆಂಬುದು ನಮಗೆ ತಿಳಿಯದ್ದೇನಲ್ಲ. ಅವಸರದಲ್ಲಿ ಅರೆಬರೆ ಮಾಡಿದ ಕೆಲಸವನ್ನು ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬವರು 1992ರಲ್ಲಿ ಸಾಲಕ್ಕೆ ಹೋಲಿಸಿದರು: ತೆಗೆಯುವಾಗ ಅನುಕೂಲ, ತೀರಿಸದೆ ಬಿಟ್ಟರೆ ಬಡ್ಡಿ ಕಟ್ಟುತ್ತಲೇ ಇರಬೇಕು. ಆದುದರಿಂದ ಪ್ರತಿ ನಾಲ್ಕನೆಯ ಪಕ್ಷವನ್ನು ಹೊಸತೇನನ್ನೂ ಸೇರಿಸದೆ ಹಳೆಯದನ್ನು ಸರಿಪಡಿಸಲು ಬಿಡಬೇಕೆಂಬುದು ನನ್ನ ಅಭಿಪ್ರಾಯ. ನಮ್ಮ ಎಂಟನೆಯ ಪಕ್ಷವನ್ನು ಹಾಗೆಯೇ ಕಳೆದೆವು. ಹಿಂದಿನ ವರ್ಷ ತೀರಿದ ಲೆಕ್ಕಗಳನ್ನು ಒಂದೊಂದಾಗಿ ಹೊಸ ತಂತ್ರಾಂಶಕ್ಕೆ ಉಣಿಸಿ, ಪುಸ್ತಕದ ಮೊತ್ತಕ್ಕೂ ಯಂತ್ರದ ಮೊತ್ತಕ್ಕೂ ತಾಳೆ ನೋಡಿದೆವು. ಕೆಲವು ಕಡೆ ಮೂರು ನಾಲ್ಕು ರೂಪಾಯಿಗಳ ವ್ಯತ್ಯಾಸ. ಮಾಲಿನ ಬಾಬ್ತು ಪೈಸೆಗಳನ್ನು ಚೀಟಿಚೀಟಿಗೆ ಬಿಡುವುದೇ ಅಥವಾ ಕೊನೆಯ ಮೊತ್ತದಲ್ಲಿ ಒಮ್ಮೆ ಮಾತ್ರ ಬಿಡುವುದೇ ಎಂಬ ಪ್ರಶ್ನೆ ಅದು. ಒಬ್ಬ ಸದಸ್ಯನಿಗೆ ಮೂರು ರೂಪಾಯಿ ದೊಡ್ಡದಲ್ಲದಿರಬಹುದು. ಆದರೆ ಎರಡು ಬಿಲ್ಲು ಎರಡು ಮೊತ್ತ ತೋರಿಸಿದರೆ ಹೋಗುವುದು ಮೂರು ರೂಪಾಯಿಯಲ್ಲ, ನಂಬಿಕೆ.

ಎಲ್ಲವನ್ನೂ ತುಂಡಾಗಿ ಮಾಡಲು ಬರುವುದಿಲ್ಲ ಎಂಬುದೂ ನಿಜ. 1959ರ ಸಹಕಾರ ಸಂಘಗಳ ಕಾಯಿದೆಯ ಪ್ರಕಾರ ಆಗುವ ಲೆಕ್ಕಪರಿಶೋಧನೆಗೆ ಬೇಕಾದ ಖಾತೆಗಳ ಕ್ರಮ, ಸದಸ್ಯರ ದಾಖಲೆ, ಒಮ್ಮೆ ಬರೆದ ಚೀಟಿಯನ್ನು ಯಾರೂ ಗುಟ್ಟಾಗಿ ತಿದ್ದಲಾಗದಂಥ ವ್ಯವಸ್ಥೆ, ಇವನ್ನು ಮೊದಲೇ ಕುಳಿತು ಯೋಚಿಸಿ ಕಟ್ಟಬೇಕು. ತೋಟಕ್ಕೆ ಬಸಿಗಾಲುವೆ ಮೊದಲು, ಗಿಡ ಆಮೇಲೆ.

ಕರಾರಿನ ವಿಷಯಕ್ಕೆ ಬಂದರೆ, ಹಣವನ್ನು ಪಕ್ಷದ ಲೆಕ್ಕದಲ್ಲಿ ಕೊಡುವುದು ಒಳ್ಳೆಯದು, ಯಾವ ಪಕ್ಷದ ಕೊನೆಯಲ್ಲಿಯೂ ನಿಲ್ಲಿಸುವ ಹಕ್ಕು ಸಂಘಕ್ಕೆ ಇರಬೇಕು. ಹೀಗೆ ಮಾಡಿದರೆ ಖರ್ಚಿಗೆ ಮಿತಿ ಎಲ್ಲಿ ಎಂದು ಕೇಳುವವರು ಸರಿಯಾದುದನ್ನೇ ಕೇಳುತ್ತಾರೆ. ಇಷ್ಟು ಪಕ್ಷಕ್ಕಿಂತ ಹೆಚ್ಚಿಲ್ಲ ಎಂದು ಮಹಾಸಭೆ ಮೊದಲೇ ಗೊತ್ತುಮಾಡಲಿ. ಅಷ್ಟರೊಳಗೆ ಯಾವುದು ಮೊದಲು ಎಂಬುದನ್ನು ಮಾತ್ರ ಬದಲಾಯಿಸುತ್ತಾ ಹೋಗಲಿ. ತಂತ್ರಾಂಶದ ಮೂಲ ಬರವಣಿಗೆಯೂ ಸದಸ್ಯರ ದಾಖಲೆಗಳೂ ಸಂಘದ ಸ್ವತ್ತೆಂದು ಸ್ಪಷ್ಟವಾಗಿ ಬರೆಸಿಕೊಳ್ಳಬೇಕು, ಪ್ರತಿ ಪಕ್ಷದ ಕೊನೆಗೆ ಅದರ ಪ್ರತಿ ಸಂಘದ ಕೈಗೆ ಬರಬೇಕು. ಮಾಡಿದವರು ಅಂಗಡಿ ಮುಚ್ಚಿ ಹೋದಾಗ ಬೀಗದ ಕೈ ಅವರಲ್ಲೇ ಉಳಿದ ಸಂಘವೊಂದನ್ನು ನಾನು ಬಲ್ಲೆ. ಅವರು ಎರಡು ವರ್ಷದ ಲೆಕ್ಕವನ್ನು ಕೈಯಲ್ಲಿ ಬರೆದು ತೆಗೆದರು.

ಕಾಲದ ವಿಚಾರವೂ ಇದೆ. ಅಡಿಕೆ ಕೊಯ್ಲು ಆರಂಭವಾದಂದಿನಿಂದ ರೊಬಸ್ಟಾ ಕಣದಿಂದ ಏಳುವವರೆಗೆ ಯಾವ ಸಂಘವೂ ಹೊಸ ತಂತ್ರಾಂಶಕ್ಕೆ ಕೈಹಾಕಬಾರದು. ಮಾರ್ಚ್ ಕಳೆದು, ಹೊಸ ಲೆಕ್ಕದ ವರ್ಷ ಆರಂಭವಾಗಿ, ಹೂಮಳೆಯ ಗಡಿಬಿಡಿ ಮುಗಿದ ಮೇಲೆ ಹಿಡಿದರೆ ಸೆಪ್ಟೆಂಬರಿನವರೆಗೆ ಹತ್ತು ಹನ್ನೆರಡು ಪಕ್ಷಗಳು ಸಿಗುತ್ತವೆ. ಮೊದಲ ವರ್ಷ ತೂಕದ ಚೀಟಿ, ಮುಂಗಡ, ಬಟವಾಡೆಯ ಬಿಲ್ಲು ಇಷ್ಟೇ ಸಾಕು. ಗೊಬ್ಬರದ ಮಾರಾಟ, ಷೇರು, ಲಾಭಾಂಶಗಳನ್ನು ಮುಂದಿನ ವರ್ಷಕ್ಕೆ ಬಿಡಬಹುದು. ಒಂದು ಹಂಗಾಮು ಪೂರ್ತಿ ಹಳೆಯ ಪುಸ್ತಕವನ್ನೂ ಜೊತೆಗೆ ಬರೆಯಬೇಕು, ಅದಕ್ಕೆ ಬೇಕಾದ ಹೆಚ್ಚುವರಿ ಆಳಿನ ಸಂಬಳವನ್ನು ಅಂದಾಜು ಪತ್ರಿಕೆಯಲ್ಲಿ ಮೊದಲೇ ಸೇರಿಸಬೇಕು. ಇನ್ನು ಟೆಂಡರು ಕರೆಯುವ ಠರಾವು ಮಾಡುವ ದಿನವೇ, ಅದೇ ಠರಾವಿನಲ್ಲಿ, ಸಂಘದ ಪರವಾಗಿ ಕೂರುವ ಸಿಬ್ಬಂದಿಯ ಹೆಸರು, ವಾರದಲ್ಲಿ ಅವರನ್ನು ಬಿಡುಗಡೆ ಮಾಡುವ ದಿನಗಳು, ಅವರ ಭತ್ಯೆ, ಅವರ ಬದಲಿಗೆ ಕೌಂಟರಿನಲ್ಲಿ ನಿಲ್ಲುವವರ ಹೆಸರು ಇವಿಷ್ಟೂ ಬರೆದಿವೆಯೇ ಎಂದು ಮುಂಬರುವ ಮಹಾಸಭೆಯಲ್ಲಿ ಸದಸ್ಯರು ಎದ್ದು ಕೇಳಬಹುದು.